ನಾಲ್ಕನೆಯ ತಂತಿ

ಅಪ್ಪ ಕರೆದದ್ದು ಚಂದ್ರಶೇಖರನಿಗೆ ಚೆನ್ನಾಗಿಯೇ ಕೇಳಿಸಿತ್ತು. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಎದುರಿಗೇ ಅವರ ಅಂಗಡಿ. ಮೊಳೆ, ತಗಡು, ಗುದ್ದಲಿ, ನೈಲಾನ್ ಹಗ್ಗ ಮಾರುವ ಓಂಕಾರಪ್ಪನವರು ಮಗನನ್ನು ಕರೆಯಬೇಕಾದರೆ ತೂಕದ ಕಲ್ಲಿನಿಂದ ಗಲ್ಲಾಪೆಟ್ಟಿಗೆಯ ಮೇಲೆ ಎರಡು ಸಲ ಕುಟ್ಟಿ ಆಮೇಲೆ 'ಏ ಚಂದ್ರೂ' ಎನ್ನುತ್ತಿದ್ದರು. ಮಗನಿಗೆ ಮೂವತ್ತು ದಾಟಿದೆ ಎನ್ನುವುದಾಗಲಿ, ಎದುರಿಗೆ ಗಿರಾಕಿಗಳು ನಿಂತು ನಗುತ್ತಾರೆ ಎನ್ನುವುದಾಗಲಿ ಅವರ ತಲೆಗೆ ಬರುತ್ತಿರಲಿಲ್ಲ. ಇವತ್ತು ಕುಟ್ಟಿದ್ದೂ ಕೇಳಿತು, ಹೆಸರೂ ಕೇಳಿತು. ಅವನು ತಿರುಗಲಿಲ್ಲ. ಕೊಟ್ಟಿಗೆಹಾರದ ಬಸ್ಸು ಹತ್ತಿ, ಅಂಗಡಿ ಕಾಣದ ಕಡೆಯ ಕಿಟಕಿ ಹಿಡಿದು ಕೂತ. ಬಸ್ಸು ಊರು ದಾಟಿದ ಮೇಲೆ ಯಾಕೆ ಕರೆದಿರಬಹುದು ಎಂಬುದು ಸಣ್ಣಗೆ ಚುಚ್ಚತೊಡಗಿತು. ಏನಿರುತ್ತದೆ, ತಗಡಿನ ಲಾರಿ ಬಂದಿರಬಹುದು, ಇಲ್ಲವೇ ಅಮ್ಮ ಕಟ್ಟಿಕೊಟ್ಟ ಬುತ್ತಿ ಮರೆತಿರಬಹುದು. ಹೌದು, ಬುತ್ತಿ ಮರೆತಿತ್ತು. ಕೇಳಿಸಿಯೂ ಕೇಳಿಸದವನಂತಿರುವುದನ್ನು ಅವನು ಚಿಕ್ಕಂದಿನಲ್ಲೇ ರೂಢಿಸಿಕೊಂಡಿದ್ದ. ಇಲ್ಲದಿದ್ದರೆ ಆ ಮನೆಯಲ್ಲಿ ಒಂದು ಪುಟ ಓದುವುದಕ್ಕೂ ಆಗುತ್ತಿರಲಿಲ್ಲ.

ಇವತ್ತು ಸಂಜೆ ಚನ್ನಕೇಶವ ಗೌಡರ ತೋಟದಲ್ಲಿ ಅವನ ತೂಕದ ಯಂತ್ರವನ್ನು ನೋಡಲು ತಾಲ್ಲೂಕಿನ ಐದಾರು ಪ್ಲಾಂಟರುಗಳು ಬರುವವರಿದ್ದರು. ಅವರು ಹೂಂ ಎಂದರೆ ಅಂಗಡಿಯ ಮಹಡಿಯ ಮೇಲಿನ ಒಂದು ಕೋಣೆಯ ಕಂಪ್ಯೂಟರ್ ಶಾಲೆ, ಅದರ ಬಾಗಿಲಿಗೆ ಬಂದು 'ಟೈಪಿಂಗ್ ಕಲಿಸ್ತೀರಾ' ಎಂದು ಕೇಳುವ ಹುಡುಗಿಯರು, 'ಆ ಡಬ್ಬಿ ಮಾರಿ ಗಲ್ಲಾದಲ್ಲಿ ಕೂರು' ಎನ್ನುವ ಅಪ್ಪ, ಎಲ್ಲದರಿಂದ ಅವನಿಗೆ ಬಿಡುಗಡೆ. ಗೌಡರ ತೋಟದಲ್ಲಿ ಕಾಫಿ ಹಣ್ಣು ಕೊಯ್ಯುವ ಹೆಂಗಸರು ಸಂಜೆ ಚೀಲ ಹೊತ್ತು ತೂಕದ ಕೊಟ್ಟಿಗೆಗೆ ಬಂದಾಗ, ಹಿಂದೆಲ್ಲ ತೊಲೆಗೆ ನೇತುಹಾಕಿದ ಸ್ಪ್ರಿಂಗ್ ತಕ್ಕಡಿಯ ಮುಳ್ಳು ನೋಡಿ ತೋಟದ ಲೆಕ್ಕ ಬರೆಯುವ ರೈಟರ್ ಬಸವರಾಜು ಕಿಲೋ ಎಷ್ಟೆಂದು ಗಟ್ಟಿಯಾಗಿ ಕೂಗುತ್ತಿದ್ದ: 'ಪಾಪಮ್ಮಾ, ಐವತ್ತೆಂಟು!' ಆ ಹೆಂಗಸು 'ಐವತ್ತೆಂಟು' ಎಂದು ತಿರುಗಿ ಹೇಳಬೇಕು. ಹೇಳುವ ತನಕ ಚೀಲ ಕೊಕ್ಕೆಯಿಂದ ಇಳಿಯುವಂತಿಲ್ಲ, ಬರೆಯುವಂತೆಯೂ ಇಲ್ಲ. ಅನುಮಾನವಿದ್ದರೆ ಅವಳು ಬಾಯಿ ಬಿಗಿದು ನಿಂತುಬಿಟ್ಟರೆ ಸಾಕು, ಮತ್ತೆ ತೂಗಲೇಬೇಕು. ಗೌಡರ ತಂದೆಯ ಕಾಲದಿಂದ ಬಂದ ಪದ್ಧತಿ ಅದು. ಕೂಗುವುದು, ತಿರುಗಿ ಕೂಗುವುದು, ಜಗಳ, ನಗೆಯಲ್ಲಿ ಕತ್ತಲಾಗುತ್ತಿತ್ತು. ಯಂತ್ರ ಬಂದ ಮೇಲೆ ಅದನ್ನೆಲ್ಲ ನಿಲ್ಲಿಸಿದವನು ಚಂದ್ರಶೇಖರ. ಈಗ ಚೀಲವನ್ನು ನೆಲದ ಹಲಗೆಯ ಮೇಲಿಟ್ಟರೆ ತೂಕ ಒಂದೇ ಸಲ ತಂತಿಯಲ್ಲಿ ಹರಿದು ಒಳಗಿನ ಕಂಪ್ಯೂಟರಿಗೆ ಹೋಗುತ್ತಿತ್ತು; ಬಸವರಾಜು ಒಂದು ಕೀಲಿ ಒತ್ತಿದರೆ ಮುಗಿಯಿತು. ಹಲಗೆಯ ಜೊತೆ ಅಂಕಿ ತೋರಿಸುವ ಕೆಂಪು ದೀಪದ ಪೆಟ್ಟಿಗೆಯೊಂದು ಬರುತ್ತದೆ. ಅದೂ ಬೇಡ ಎಂದಿದ್ದ. ಅಂಕಿ ಒಂದೇ ಕಡೆ ಕಾಣಲಿ, ಎರಡು ಕಡೆ ಕಂಡರೆ ವಾದ ಶುರುವಾಗುತ್ತದೆ.

ತೋಟದ ಗೇಟಿನಲ್ಲಿ ಇಳಿದಾಗ ಬಸವರಾಜು ಬೀಡಿ ಎಸೆದು ಎದ್ದು ಬಂದ.

"ಬನ್ನಿ ಬನ್ನಿ. ಸಾವ್ಕಾರ್ರು ಬೆಳಿಗ್ಗೆಯಿಂದ ನಿಮ್ಮ ಜಪ ಮಾಡ್ತಿದಾರೆ. ಇವತ್ತೇನಾರ ಆ ಮಷೀನು ಕೈ ಕೊಟ್ರೆ ನಮ್ಮಿಬ್ರನ್ನೂ ಹೂತು ಅದರ ಮೇಲೆ ಕಾಫಿ ಗಿಡ ನೆಡ್ತಾರೆ."

"ಏನೂ ಆಗಲ್ಲ ಬಸವರಾಜು. ಈ ಸಲ ಎಲ್ಲ ಸರಿ ಇದೆಯಲ್ಲ?"

"ಸರಿ ಅಂದ್ರೆ ಸರಿ! ಒಂದು ದೊಡ್ಡ ಉಪಕಾರ ಆಗಿದೆ ನೋಡಿ ನಂಗೆ. ಪಾಪಮ್ಮ ಇದಾಳಲ್ಲ, ನಮ್ಮ ತೋಟಕ್ಕೇ ಕೊಯ್ಲಲ್ಲಿ ಮೊದಲನೇಳು, ಅವಳ ಕೈ ಬಿದ್ದು ಹೋಯ್ತು. ಈ ಸೀಸನ್ನಲ್ಲಿ ದಿನಾ ಇಪ್ಪತ್ತೈದರ ಆಜೂಬಾಜು. ನಾನು ಬಾಯಲ್ಲಿ ಕೂಗಿದ್ರೆ ಸುಮ್ನೆ ಬಿಡೋಳಾ? ನನ್ನ ಗ್ರಹಚಾರ ಬಿಡಿಸೋಳು. ಮಷೀನಿನ ಹತ್ರ ಎಂತ ಜಗಳ ಆಡ್ತಾಳೆ? ತೆಪ್ಪಗೆ ಒಪ್ಕೊಂಡ್ಲು. ನಾಳೆಯಿಂದ ಅವಳನ್ನ ಕಣಕ್ಕೆ ಹಾಕಿ, ಒಣಗೋ ಬೀಜ ತಿರುವಿಕೊಂಡು ಇರ್ಲಿ ಅಂತ ಸಾವ್ಕಾರ್ರು ಮೊನ್ನೆ ಅಪ್ಪಣೆ ಮಾಡಿದ್ರು."

ಚಂದ್ರಶೇಖರನಿಗೆ ಒಳಗೊಳಗೇ ಹೆಮ್ಮೆಯಾಯಿತು ಎನ್ನುವುದನ್ನು ಮುಚ್ಚಿಡುವುದು ಬೇಡ. ಪಾಪಮ್ಮನನ್ನು ಅವನು ಕಂಡಿದ್ದ. ಐವತ್ತೈದರ ಆಸುಪಾಸಿನ ಎತ್ತರದ ಹೆಂಗಸು, ಎರಡೂ ಕೈಯಲ್ಲಿ ಒಟ್ಟಿಗೇ ಕೊಯ್ಯುವವಳು, ಹೊಸ ಹುಡುಗಿಯರಿಗೆಲ್ಲ ಕೊಯ್ಲು ಕಲಿಸಿದವಳು. ಅಂಥವಳ ಬಾಯಿಯನ್ನೂ ತನ್ನ ಯಂತ್ರ ಕಟ್ಟಿಹಾಕಿತಲ್ಲ.

"ಒಂದೊಂದಿನ ಮಾತ್ರ ಮೈಮೇಲೆ ದೇವರು ಬಂದೋಳ ಹಂಗೆ ಕೊಯ್ತಾಳೆ ಮಾರಾಯ್ರೆ," ಬಸವರಾಜು ನಗುತ್ತ ಹೇಳಿದ. "ಹೋದ ವಾರ ಒಂದಿನ ಅರವತ್ತು! ಅದಕ್ಕೂ ಮುಂಚೆ ಒಂದಿನ ಐವತ್ತೇಳು. ಆ ಲಕ್ಕಿ ರಜೆ ಹಾಕಿದ ದಿನವೇ ಇವಳಿಗೆ ದೇವ್ರು ಬರೋದು, ಅದೆಂತ ನಂಟೋ."

ಚಂದ್ರಶೇಖರನೂ ನಕ್ಕ. ನಗುತ್ತಲೇ ಕೊಟ್ಟಿಗೆಯ ಒಳಗೆ ಹೋಗಿ ಕಂಪ್ಯೂಟರಿನ ಮೇಲಿನ ಬಟ್ಟೆ ತೆಗೆದ, ಧೂಳು ಒರೆಸಿದ, ಸ್ವಿಚ್ ಹಾಕಿದ. ಫ್ಲಾಪಿ ಕರಕರ ಎಂದು ತಿರುಗಿತು. ಆ ಕರಕರ ನಿಲ್ಲುವ ಹೊತ್ತಿಗೆ ಅವನ ನಗೆ ನಿಂತಿತ್ತು. ಲಕ್ಕಿ ಎಲ್ಲಿ ನಿಲ್ಲುತ್ತಾಳೆ? ಆಳುಗಳ ಲೈನ್ ಮನೆಗಳ ಸಾಲು ಹೇಗಿದೆಯೋ ಹಾಗೆಯೇ ತೂಕದ ಸಾಲು. ಅದನ್ನು ಯಾರೂ ದಾಟುತ್ತಿರಲಿಲ್ಲ. ಮೊದಲ ಮನೆಯವಳು ಮೊದಲು, ಕೊನೆಯ ಮನೆಯವಳು ಕೊನೆಗೆ. ಲಕ್ಕಿಯದು ಸಾಲಿನ ಆರಂಭದ ಮನೆ. ಪಾಪಮ್ಮನದು ಹನ್ನೊಂದನೆಯದು. ಅವಳ ಮುಂದೆ ನಿಲ್ಲುವವಳು ಹತ್ತನೆಯ ಮನೆಯ ಸೀತು. ಸೀತು ತುಂಬಿದ ಬಸುರಿ. ಅವಳು ಇಪ್ಪತ್ತೈದರ ಮೇಲೆ ಕೊಯ್ಯಲಾರಳು.

ಹತ್ತು ಹೆಸರಾದ ಮೇಲೆ ಒಮ್ಮೆ ಎಲ್ಲವನ್ನೂ ಫ್ಲಾಪಿಗೆ ಬರೆದು ಉಳಿಸು ಎಂದು ಪ್ರೋಗ್ರಾಮಿನಲ್ಲಿ ಹೇಳಿದವನು ಅವನೇ. ಕರೆಂಟಿನ ನಂಬಿಕೆಯಿಲ್ಲದ ಊರು.

ತನ್ನ ಮಹಡಿಯ ಕೋಣೆಯಲ್ಲಿ ಇದನ್ನು ಅವನು ಎಷ್ಟು ಚಂದವಾಗಿ ಪಾಠ ಮಾಡುತ್ತಿದ್ದ. ಕಂಪ್ಯೂಟರಿನ ಒಳಗಿರುವ ಪ್ರೊಸೆಸರ್ ಒಬ್ಬನೇ ಆಳು, ಅವನಿಗೆ ಮೈತುಂಬ ಕೆಲಸ. ಹೊರಗಿನಿಂದ ಬರುವವರೆಲ್ಲ ಬಂದು ಬಾಗಿಲಲ್ಲಿ ಕಾಯುತ್ತಾರೇನೋ ಎಂದು ಅವನು ಘಳಿಗೆಗೊಮ್ಮೆ ಎದ್ದು ನೋಡುತ್ತ ಕೂತರೆ ಕೆಲಸ ಸಾಗುವುದಿಲ್ಲ. ಅದಕ್ಕೇ ಒಬ್ಬೊಬ್ಬರಿಗೆ ಒಂದೊಂದು ತಂತಿ, ತುದಿಯಲ್ಲಿ ಗಂಟೆ. ಕೀಬೋರ್ಡಿಗೆ ಒಂದನೆಯ ತಂತಿ, ಫ್ಲಾಪಿಗೆ ಆರನೆಯದು, ಇಲ್ಲಿ ತೂಕದ ಹಲಗೆ ಸೇರಿರುವ ಸೀರಿಯಲ್ ಪೋರ್ಟಿಗೆ ನಾಲ್ಕನೆಯದು. ಗಂಟೆ ಬಾರಿಸಿದರೆ ಆಳು ಮಾಡುತ್ತಿದ್ದುದನ್ನು ಅಲ್ಲೇ ಬಿಟ್ಟು, ಎಲ್ಲಿ ಬಿಟ್ಟೆ ಎಂದು ಗುರುತಿಟ್ಟುಕೊಂಡು, ಬಾಗಿಲಿಗೆ ಹೋಗಿ, ಬಂದದ್ದನ್ನು ಒಳಗೆ ತಂದು, ಮತ್ತೆ ಗುರುತಿಟ್ಟಲ್ಲಿಂದಲೇ ಮುಂದುವರಿಸುತ್ತಾನೆ. ಇದಕ್ಕೇ ಇಂಟರಪ್ಟ್ ಎನ್ನುವುದು. ಸೀರಿಯಲ್ ಪೋರ್ಟಿನ ಬಾಗಿಲಲ್ಲಿ ಮಾತ್ರ ಜಾಗ ಬಹಳ ಕಡಿಮೆ, ಒಂದೇ ಒಂದು ಅಕ್ಷರ ಹಿಡಿಯುತ್ತದೆ. ಅದನ್ನು ಎತ್ತಿಕೊಳ್ಳುವ ಮೊದಲೇ ಇನ್ನೊಂದು ಅಕ್ಷರ ಬಂದರೆ ಮೊದಲಿನದು ಅಳಿದುಹೋಯಿತು. ಹುಡುಗಿಯರು ಕೇಳುತ್ತಿದ್ದರು: 'ಅಳಿದುಹೋದದ್ದು ಆಮೇಲೆ ಸಿಗಲ್ವಾ ಸಾರ್?' ಸಿಗಲ್ಲಮ್ಮ. ಒಂದು ಅಕ್ಷರ ಹೋಯಿತು ಎಂದು ಪೋರ್ಟಿನ ಚಿಪ್ ಒಂದು ಬಿಟ್ಟನ್ನು, ಅಂದರೆ ಸೊನ್ನೆಯೋ ಒಂದೋ ಆಗಿರುವ ಒಂದು ಗುರುತನ್ನು, ಎತ್ತಿ ಹಿಡಿದಿರುತ್ತದೆ, ಅಷ್ಟೇ. ಅತ್ತ ನೋಡುವವರು ನೋಡಬೇಕು.

ಅವನು ತನ್ನ ಪ್ರೋಗ್ರಾಮಿನಲ್ಲಿ ಅತ್ತ ನೋಡಿರಲಿಲ್ಲ. ಅಷ್ಟೇ ಅಲ್ಲ. ಯಂತ್ರ ಕೂರಿಸಿದ ಹೊಸದರಲ್ಲಿ ಒಮ್ಮೆ, ಗೌಡರ ಎದುರಿಗೇ, ಫ್ಲಾಪಿಗೆ ಬರೆಯುತ್ತಿರುವಾಗ ತೂಕದ ಅಕ್ಷರಗಳು ನಡುವೆ ನುಗ್ಗಿ ಪರದೆಯ ತುಂಬ ಕಸ ತುಂಬಿತ್ತು. ಗೌಡರು ಏನೂ ಅನ್ನಲಿಲ್ಲ, 'ಪಾಪ, ನಿಮ್ಮಪ್ಪ ಮೊದಲೇ ಹೇಳಿದ್ರು' ಎಂದಷ್ಟೇ ಹೇಳಿದರು. ಆ ಒಂದು ಮಾತಿಗೆ ಅವನ ಕಿವಿಯಿಂದ ಕುತ್ತಿಗೆಯವರೆಗೆ ಬಿಸಿಯಾಗಿತ್ತು. ಮಾರನೆಯ ದಿನವೇ ಬಂದು ಎರಡು ಸಾಲು ಸೇರಿಸಿದ: ಫ್ಲಾಪಿಗೆ ಬರೆಯುವ ಮೊದಲು ನಾಲ್ಕನೆಯ ತಂತಿಯ ಗಂಟೆಯನ್ನು ಮುಚ್ಚು, ಬರೆದಾದ ಮೇಲೆ ತೆರೆ. ಅಷ್ಟು ಹೊತ್ತು ಬಾಗಿಲಲ್ಲಿ ಯಾರು ಕೂಗಿದರೂ ಒಳಗೆ ಕೇಳಿಸದು. ತೂಕ ಅರ್ಧಂಬರ್ಧ ಬಂದರೆ ಅದನ್ನು ಎಸೆದು ಹಿಂದಿನ ಅಂಕಿಯನ್ನೇ ಇಟ್ಟುಕೋ ಎಂದೂ ಬರೆದ, ಪರದೆ ಚೊಕ್ಕಟವಾಗಿ ಕಾಣಬೇಕಲ್ಲ. ಅಂದಿನಿಂದ ಯಂತ್ರ ಒಂದು ದಿನವೂ ಮುಗ್ಗರಿಸಲಿಲ್ಲ. ಹತ್ತನೆಯವಳಾದ ಸೀತುವಿನ ತೂಕ ಸೇರಿ ಫ್ಲಾಪಿ ತಿರುಗತೊಡಗಿದ ಹೊತ್ತಿಗೆ ಪಾಪಮ್ಮ ಚೀಲವಿಡುತ್ತಿದ್ದಳು. ಅವಳ ಐವತ್ತೆಂಟು ತಂತಿಯ ತುದಿಯವರೆಗೂ ಬಂದು ಅಲ್ಲೇ ಅಳಿಯುತ್ತಿತ್ತು. ಪರದೆಯ ಮೇಲೆ ಸೀತುವಿನ ಅಂಕಿ ಹಾಗೆಯೇ ನಿಂತಿರುತ್ತಿತ್ತು, ಬಸವರಾಜು ಕೀಲಿ ಒತ್ತುತ್ತಿದ್ದ. ಲಕ್ಕಿ ಬಾರದ ದಿನ ಪಾಪಮ್ಮ ಒಂದು ಹೆಜ್ಜೆ ಮುಂದೆ ಬಂದು ಹತ್ತನೆಯವಳಾಗುತ್ತಿದ್ದಳು. ದೇವರು ಬರುತ್ತಿದ್ದದ್ದು ಹೀಗೆ.

ಇರಲಿಕ್ಕಿಲ್ಲ ಎಂದುಕೊಂಡ. ಪರೀಕ್ಷೆ ಮಾಡಿ ನೋಡಬೇಕು. ಆದರೆ ಪರೀಕ್ಷೆ ಮಾಡಲು ಕೈ ಏಳಲಿಲ್ಲ. ಹೊರಗೆ ಕಣದಲ್ಲಿ ಬೀಜ ತಿರುವುವ ಸದ್ದು ಸರ್ರ್ ಸರ್ರ್ ಎಂದು ಬರುತ್ತಿತ್ತು. ಬಾಗಿಲಲ್ಲಿ ಯಾರೋ ನಿಂತಂತಾಗಿ ತಿರುಗಿದರೆ ಅವಳೇ, ಪಾಪಮ್ಮ. ಊಟದ ಹೊತ್ತು, ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಒಳಗೆ ಕಾಲಿಡಲಿಲ್ಲ.

"ಅಯ್ಯಾ, ಒಂದು ಕೇಳ್ಬೋದಾ?"

"ಕೇಳಮ್ಮ."

"ಆ ಮಷೀನಿಗೆ ಮೈಯೊಳಗಿಂದು ಏನಾರ ಗೊತ್ತಾಗ್ತದಾ? ನನ್ನ ಕೈಗೆ ಎಂತ ಆಗಿದೆ ಅಂತ?"

ಅವನು ತಲೆಯಾಡಿಸಿದ. ಅವಳು ಎರಡೂ ಕೈಗಳನ್ನು ಮುಂದೆ ಚಾಚಿ, ತಿರುಗಿಸಿ ತೋರಿಸಿದಳು. ಬೆರಳ ಸಂದಿಯಲ್ಲಿ ಹಣ್ಣಿನ ಅಂಟು ಕಪ್ಪಾಗಿ ಹಿಡಿದಿತ್ತು.

"ನೋವಿಲ್ಲ, ಬಾವಿಲ್ಲ. ಚೀಲ ಎತ್ತಿದ್ರೆ ಮೊದಲಿನಷ್ಟೇ ಭಾರ. ಮೊದಮೊದಲು ಮಷೀನಿನ ಮೇಲೇ ಸಿಟ್ಟು ಬಂತು, ಸುಳ್ಳು ಹೇಳಬಾರದು. ಆಮೇಲೆ ನಂಗೇ ಹೊಳೀತು. ಮೈ ಸೋತೋರಿಗೆ ಹಗುರದ್ದೂ ಭಾರ ಕಾಣ್ತದೆ ಅಯ್ಯಾ. ನಮ್ಮವ್ವನೂ ಕಡೇಗಾಲಕ್ಕೆ ಖಾಲಿ ಕೊಡಪಾನ ಹೊತ್ತು ಏದುಸಿರು ಬಿಡೋಳು. ನಂದೂ ಹಂಗೇ ಅಂತ ಕಾಣ್ತದೆ. ಗೊತ್ತಾಗ್ಲೇ ಇಲ್ಲ ನೋಡಿ, ಇಷ್ಟು ದಿನ."

ಈಗಲೇ ಹೇಳಬಹುದಿತ್ತು. ಅವಳ ಭಾರ ನಿಜವಾದ ಭಾರವೇ ಆಗಿತ್ತು ಎಂದು, ಸೋತದ್ದು ಅವಳಲ್ಲ ಎಂದು. ಬಾಯಿ ತೆರೆಯಲು ಬೇಕಾದದ್ದೆಲ್ಲ ಇತ್ತು. ಕೊಟ್ಟಿಗೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಹೇಳಿದ್ದು, "ನೋಡೋಣಮ್ಮ, ಊಟ ಆಯ್ತಾ?" ಎಂದು. ಆಯ್ತು ಎಂದಳು. ಅವನ ಮುಂದೆ ಬುತ್ತಿಯಿಲ್ಲದ್ದನ್ನು ಕಂಡು, "ನಿಮ್ದು?" ಎಂದಳು. ಅವನು ಪರದೆಯ ಕಡೆ ತಿರುಗಿಕೊಂಡ. ಅವಳು ತಲೆಗೆ ವಸ್ತ್ರ ಕಟ್ಟಿಕೊಂಡು ಹೋದಳು.

ಮಧ್ಯಾಹ್ನ ಪರೀಕ್ಷೆ ಮಾಡಿದ. ಬೀಜದ ಚೀಲವೊಂದನ್ನು ಇಟ್ಟು ತೆಗೆದು ಹತ್ತು ಸುಳ್ಳು ಹೆಸರುಗಳನ್ನು ಸೇರಿಸಿ, ಫ್ಲಾಪಿಯ ಹಸಿರು ದೀಪ ಉರಿಯುತ್ತಿರುವಾಗ ಹಲಗೆಯ ಮೇಲೆ ತಾನೇ ಹತ್ತಿ ನಿಂತು ಇಣುಕಿದ. ಪರದೆಯ ಮೇಲೆ ಚೀಲದ ತೂಕವೇ ಇತ್ತು. ಯಂತ್ರದ ಪಾಲಿಗೆ ಅವನು ಅಲ್ಲಿ ನಿಂತೇ ಇರಲಿಲ್ಲ. ಇಳಿದು ಬಂದು ಆ ಎರಡು ಸಾಲು ಅಳಿಸಿದ; ಬಂದ ಅಕ್ಷರಗಳನ್ನು ತಕ್ಷಣ ಎತ್ತಿಡಲು ಮೆಮೊರಿಯಲ್ಲಿ ಒಂದಿಷ್ಟು ಜಾಗ ಮಾಡಿ, ಫ್ಲಾಪಿಯ ಕೆಲಸ ನಡೆಯುತ್ತಿದ್ದರೂ ನಾಲ್ಕನೆಯ ಗಂಟೆ ಕೇಳುವಂತೆ ಬರೆದ. ಮೊದಲೇ ಹೀಗೆ ಬರೆಯಬೇಕಿತ್ತು, ಪುಸ್ತಕದಲ್ಲೇ ಇತ್ತು. ಮತ್ತೆ ಹತ್ತಿ ನಿಂತ. ಅರವತ್ತೊಂದು ಎಂದಿತು. ಒಂದು ನಿಮಿಷ ಅವನಿಗೆ ಸಂತೋಷವೇ ಆಯಿತು, ಎಲ್ಲ ಮರೆತು, ಹುಡುಗನ ಹಾಗೆ. ಆ ಸಂತೋಷ ನೆನಪಾದಾಗಲೆಲ್ಲ ಮುಂದೆ ಅವನಿಗೆ ತನ್ನ ಮೇಲೆ ಹೇಸಿಗೆ ಬರಲಿತ್ತು.

ಗೌಡರಿಗೆ ಹೇಳಿಬಿಡುತ್ತೇನೆ ಎಂದು ಬಂಗಲೆಗೆ ನಡೆದ. ದಾರಿಯಲ್ಲಿ ವಾಕ್ಯಗಳನ್ನು ಜೋಡಿಸಿಕೊಂಡ, 'ಸಣ್ಣ ದೋಷವಿತ್ತು' ಎನ್ನಬೇಕೋ 'ನನ್ನ ತಪ್ಪು' ಎನ್ನಬೇಕೋ ಎಂದು ಎರಡು ಮೆಟ್ಟಿಲ ಮೇಲೆ ನಿಂತು ಯೋಚಿಸಿದ. ಗೌಡರು ಜಗಲಿಯ ಬೆತ್ತದ ಕುರ್ಚಿಯಲ್ಲಿ ಇಸ್ತ್ರಿಯಾದ ಅಂಗಿ ತೊಟ್ಟು ಕೂತಿದ್ದರು. ಅವರ ಹೆಂಡತಿ ತುಂಗಮ್ಮನವರು ಕಾಫಿ ತಂದು ಇಟ್ಟರು.

"ಕೂತ್ಕೊಳ್ಳಿ ಚಂದ್ರಶೇಖರ್. ಇವತ್ತು ಬರೋರಿಗೆ ನಾನು ಎಂತ ಹೇಳ್ತೀನಿ ಗೊತ್ತನಾ? ಪಾಪಮ್ಮನ ವಿಷಯವೇ ಹೇಳೋದು. ನಮ್ಮನೆಗೆ ಬೇಕಾದೋಳು, ಇವಳ ಬಾಣಂತನದಲ್ಲಿ ಮೈಕೈ ನೋಡಿದೋಳು. ಕೊಯ್ಲು ಇಳಿದಿದೆ ಅಂತ ಗೊತ್ತಾದ್ರೂ ಯಾವ ರೈಟರು ಬಾಯಿಬಿಟ್ಟು ಹೇಳ್ತಿದ್ದ? ಮಷೀನಿಗೆ ಮುಖ ನೋಡೋದು ಗೊತ್ತಿಲ್ಲ. ಅದೇ ಅದರ ದೊಡ್ಡಸ್ತಿಕೆ."

"ಸಾರ್, ಆ ಪಾಪಮ್ಮನ ವಿಷಯ..."

"ಪಾಪ, ಅಲ್ವನಾ? ನಂಗೂ ಅನ್ನಿಸ್ತದೆ. ಅದಕ್ಕೇ ಮನೆಗೆ ಕಳಿಸ್ಲಿಲ್ಲ, ಕಣಕ್ಕೆ ಹಾಕಿದೀನಿ."

"ಕಾಫಿ ಆರಿ ಹೋಗ್ತದೆ, ಕುಡೀರಿ," ಎಂದರು ತುಂಗಮ್ಮ. ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಜೀಪುಗಳ ಸದ್ದು ಕೇಳಿತು. ಗೌಡರು ಎದ್ದು ಹೋದರು. ಚಂದ್ರಶೇಖರ ಕಾಫಿ ಕುಡಿದ. ಆಗ ಅವನಿಗೊಂದು ಸಮಾಧಾನ ಹೊಳೆಯಿತು. ಎಲ್ಲಿಂದ ಬಂತೋ, ಬಂದ ಕೂಡಲೇ ಎರಡೂ ಕೈಯಲ್ಲಿ ಹಿಡಿದುಕೊಂಡ. ತಾನು ಹೇಳುವುದೇ ಬೇಡ. ಯಂತ್ರ ಈಗ ಸರಿಯಾಗಿದೆ. ಇನ್ನೊಂದು ಗಂಟೆಯಲ್ಲಿ ಪಾಪಮ್ಮ ಚೀಲ ಇಡುತ್ತಾಳೆ, ಎಲ್ಲರ ಎದುರಿಗೇ ಐವತ್ತೆಂಟು ಬರುತ್ತದೆ. ಗೌಡರು ಬೆರಗಾಗುತ್ತಾರೆ, ಕಣದ ಮಾತು ಬಿದ್ದುಹೋಗುತ್ತದೆ. ನಾಳೆಯೂ ಐವತ್ತೆಂಟು, ನಾಡಿದ್ದೂ. ಯಾರಿಗೂ ಏನೂ ತಿಳಿಯದೆ ಎಲ್ಲ ತನ್ನ ಜಾಗಕ್ಕೆ ತಾನೇ ಬರುತ್ತದೆ.

ಬಿಸಿಲು ದೇವರಮನೆಯ ಗುಡ್ಡದ ಕಡೆ ಇಳಿಯುವಾಗ ಹೆಂಗಸರು ಬಂದು ಸಾಲು ನಿಂತರು. ಪ್ಲಾಂಟರುಗಳು ಪರದೆಯ ಹಿಂದೆ ಗುಂಪುಗಟ್ಟಿದರು. ಯಾರೂ ಮಾತಾಡಲಿಲ್ಲ, ಚೀಲ ಹಲಗೆಯ ಮೇಲೆ ಕೂರುವ ಸದ್ದು, ಕೀಲಿಯ ಸದ್ದು, ಮತ್ತೆ ಚೀಲ. ಚಂದ್ರಶೇಖರ ಲೆಕ್ಕ ಹಾಕುತ್ತಿದ್ದುದು ತಲೆಗಳನ್ನು. ಲಕ್ಕಿ ಬಂದಿದ್ದಳು. ಸೀತು ಹೊಟ್ಟೆ ಹಿಡಿದು ಚೀಲ ಎಳೆದು ತಂದಳು, ಇಪ್ಪತ್ನಾಲ್ಕು. ಫ್ಲಾಪಿ ಕರಕರ ತಿರುಗತೊಡಗಿತು. ಪಾಪಮ್ಮ ಬಂದಳು. ಚೀಲ ಇಟ್ಟು, ಹಿಂದೆ ಸರಿದು, ನೆಲ ನೋಡುತ್ತ ನಿಂತಳು. ಅಂಕಿ ಬದಲಾಯಿತು.

ಇಪ್ಪತ್ತೊಂದು.

ಅವನು ಬಗ್ಗಿ ನೋಡಿದ. ಕಳೆದುಹೋದ ಅಕ್ಷರವನ್ನು ಹೇಳುವ ಆ ಬಿಟ್ಟನ್ನು ಈ ಸಲ ಪರದೆಯ ಮೂಲೆಗೆ ತಂದಿದ್ದ, ಅಲ್ಲಿ ಸೊನ್ನೆಯಿತ್ತು. ಏನೂ ಕಳೆದಿರಲಿಲ್ಲ. "ಇನ್ನೊಮ್ಮೆ ಇಡಿ," ಎಂದ. ಬಸವರಾಜು ಗೊಣಗುತ್ತ ಚೀಲ ಎತ್ತಿ ಇಟ್ಟ. ಇಪ್ಪತ್ತೊಂದು. ಚಂದ್ರಶೇಖರ ಹಲಗೆಯ ಹತ್ತಿರ ಹೋಗಿ ಚೀಲವನ್ನು ತಾನೇ ಎತ್ತಿ ಇಟ್ಟ. ಹಗುರವಾಗಿತ್ತು.

"ಯಾಕಮ್ಮ?" ಎಂದು ಮೆಲ್ಲಗೆ ಕೇಳಿದ.

"ಇವತ್ತು ಕೈ ಏಳಲೇ ಇಲ್ಲ ಅಯ್ಯಾ. ಸೋತಿದೆ ಅಂತ ಗೊತ್ತಾದ್ಮೇಲೆ ಎಲ್ಲಿ ಏಳ್ತದೆ? ಗಿಡದ ಬುಡದಲ್ಲಿ ಕೂತುಬಿಟ್ಟೆ."

ಒಳಗಿನಿಂದ ಗೌಡರ ದನಿ ಕೇಳುತ್ತಿತ್ತು. ಬಂದವರಿಗೆ ಹೇಳುತ್ತಿದ್ದರು: ಇವಳೇ ನಾನು ಹೇಳಿದೋಳು, ನೋಡಿ, ಎರಡು ಸಲ ತೂಗಿದರೂ ಅಷ್ಟೇ. ಚಂದ್ರಶೇಖರ ಒಳಗೆ ಬಂದ. ಈಗ ಬಂತು ಮಾತು, ತಡೆದದ್ದೆಲ್ಲ ಒಟ್ಟಿಗೇ. ಇಷ್ಟು ದಿನ ಯಂತ್ರ ತಪ್ಪು ತೋರಿಸಿದೆ, ಪಾಪಮ್ಮನಿಗೆ ಸೀತುವಿನ ತೂಕ ಹೋಗುತ್ತಿತ್ತು, ನನ್ನ ತಪ್ಪು, ಮಧ್ಯಾಹ್ನವಷ್ಟೇ ಸರಿ ಮಾಡಿದೆ, ಅವಳ ಕೈಗೆ ಏನೂ ಆಗಿರಲಿಲ್ಲ ಸಾರ್, ಎಂದ. ಪ್ಲಾಂಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಕೇಳಿದರು: "ಈಗ ಸರಿ ಇದೆಯಾ?"

"ಈಗ ಸರಿ ಇದೆ."

"ಈಗ್ಲೂ ಇಪ್ಪತ್ತೊಂದೇ ತೋರಿಸ್ತದಲ್ಲ?"

ಗೌಡರು ಅವನ ಭುಜದ ಮೇಲೆ ಕೈಯಿಟ್ಟು ನಕ್ಕರು. "ಚಂದ್ರಶೇಖರಂಗೆ ಕರುಳು ಚುರ್ರ್ ಅಂದಿದೆ. ಒಳ್ಳೆ ಮನೆತನದ ಹುಡುಗ. ತನ್ನ ಮಷೀನಿನ ಮೇಲೇ ತಪ್ಪು ಹೊರಿಸ್ಕೊಳ್ತಾನೆ ನೋಡಿ."

ತಪ್ಪನ್ನು ಮತ್ತೆ ಹಾಕಿ ತೋರಿಸಬಹುದಿತ್ತು. ಎರಡೇ ಸಾಲು. ಇವರೆಲ್ಲರ ಎದುರಿಗೆ ಹಲಗೆಯ ಮೇಲೆ ನಿಂತು, ನೋಡಿ, ನಾನು ನಿಂತರೂ ಸೀತುವಿನ ತೂಕವೇ ಎಂದು ತೋರಿಸಿದರೆ ಎಂಥ ದಡ್ಡನಿಗೂ ತಿಳಿಯುತ್ತಿತ್ತು. ಕೀಬೋರ್ಡಿನವರೆಗೆ ಹೋದ ಅವನ ಕೈ ಅಲ್ಲೇ ನಿಂತಿತು. ಹಾಗೆ ತೋರಿಸಿದ ಮೇಲೆ ಈ ಯಂತ್ರವನ್ನು ಈ ತಾಲ್ಲೂಕಿನಲ್ಲಿ ಯಾರೂ ಮುಟ್ಟುವುದಿಲ್ಲ. ಸಂಜೆ ಬಸ್ಸಿಳಿದರೆ ಎದುರಿಗೇ ಅಂಗಡಿ, ಗಲ್ಲಾ, ತೂಕದ ಕಲ್ಲು. ಅವನು ಕೈ ಹಿಂದೆ ತೆಗೆದುಕೊಂಡ. ಇದನ್ನು ಯಾರೂ ಗಮನಿಸಲಿಲ್ಲ.

ಮಾತನ್ನೆಲ್ಲ ಕೇಳಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು ಪಾಪಮ್ಮ.

"ಬೇಡಿ ಅಯ್ಯಾ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಮಗುವನ್ನು ಸಂತೈಸುವವಳ ಹಾಗಿತ್ತು. "ನನ್ನ ಸಲುವಾಗಿ ಸುಳ್ಳು ಹೇಳಿ ನಿಮ್ಮ ಹೆಸರು ಕೆಡಿಸ್ಕೋಬೇಡಿ. ನನ್ನ ಕೈ ನಂಗೆ ಗೊತ್ತಲ್ವಾ."

ಅವನಿಗೆ ಅಳು ಬಂತು. ಅಳಲಿಲ್ಲ. ಅವಳು ಹೋಗಲಿಲ್ಲ, ಚೀಲವನ್ನೂ ಇಳಿಸಲಿಲ್ಲ. ಹಿಂದಿನವಳು ಕಾಯುತ್ತಿದ್ದಳು. ಪಾಪಮ್ಮ ಏನಕ್ಕೆ ಕಾಯುತ್ತಿದ್ದಾಳೆ ಎಂದು ಯಾರಿಗೂ ತಿಳಿಯಲಿಲ್ಲ. ಬಸವರಾಜುವಿಗೆ ಮಾತ್ರ ತಿಳಿಯಿತು; ಅವನು ತಲೆ ತಗ್ಗಿಸಿದ.

"ಎಷ್ಟು ಬಂತು ಅಂತ ಹೇಳ್ಬಿಡಿ ಅಯ್ಯಾ," ಎಂದಳು ಪಾಪಮ್ಮ. "ಕಡೇ ದಿನ ಅಲ್ವಾ. ಒಂದ್ಸಲ ಕೂಗ್ಬಿಡಿ."

ಚಂದ್ರಶೇಖರ ಪರದೆ ನೋಡಿದ. ಐವತ್ತೆಂಟು ಎಂಬ ಮಾತು ಗಂಟಲಿನವರೆಗೆ ಬಂದು ಅಲ್ಲೇ ಅಳಿಯಿತು. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು.

"ಪಾಪಮ್ಮಾ, ಇಪ್ಪತ್ತೊಂದು," ಎಂದು ಕೂಗಿದ.

"ಇಪ್ಪತ್ತೊಂದು," ಎಂದು ಅವಳು ಸ್ಪಷ್ಟವಾಗಿ ತಿರುಗಿ ಹೇಳಿದಳು. ಚೀಲವನ್ನು ಹಲಗೆಯಿಂದ ಎಳೆದು, ಹಿಂದಿನವಳಿಗೆ ಜಾಗ ಬಿಟ್ಟಳು.